ಅಂಟಿನ ಮೇಲಿನ ಗೆರೆ

ರಾಣೆಬೆನ್ನೂರು
೧೨-೧-೨೦೦೪, ಸೋಮವಾರ

ಅಕ್ಕ,

ಪತ್ರ ನೋಡಿ ಗಾಬರಿಯಾಗಬೇಡ, ಎಲ್ಲರೂ ಆರಾಮಿದ್ದೇವೆ. ಫೋನು ಮಾಡಬಹುದಿತ್ತು. ಆದರೆ ನಿಮ್ಮ ಫೋನು ಭಾವನ ದಲಾಲಿ ಅಂಗಡಿಯಲ್ಲಿದೆ, ನಮ್ಮ ಓಣಿಯ ಎಸ್‌ಟಿಡಿ ಬೂತಿನವನು ಅಪ್ಪನ ದೋಸ್ತ. ಇದು ಆ ಎರಡೂ ಕಡೆ ಬೀಳಬಾರದ ಮಾತು.

ನಮ್ಮ ಬೀಜದ ಕಂಪನಿಯ ಆಫೀಸಿಗೆ ಬೀಗ ಬಿದ್ದು ಇವತ್ತಿಗೆ ಐವತ್ತೆರಡು ದಿನ. ಕಂಪನಿಯನ್ನು ಕೊಂಡವರು ಹಾವೇರಿಯಲ್ಲಿ ಹೊಸ ಆಫೀಸು ತೆರೆಯುತ್ತಾರಂತೆ, ಯುಗಾದಿಯ ಹೊತ್ತಿಗೆ ಹಳಬರನ್ನು ಕರೆಯುತ್ತಾರಂತೆ. ಅಲ್ಲಿಯವರೆಗೆ ನಾನು ಮನೆಯಲ್ಲಿ. ಹದಿನಾಲ್ಕು ವರ್ಷ ಬೆಳಗ್ಗೆ ಆರಕ್ಕೆ ಗಾಡಿ ಒದ್ದು ಮೇಡ್ಲೇರಿ, ಹಲಗೇರಿ ಎಂದು ಹೊಲ ತಿರುಗಿದವನಿಗೆ ಹತ್ತು ಗಂಟೆಯ ಬಿಸಿಲು ಮನೆಯೊಳಗೆ ಎಲ್ಲಿಯವರೆಗೆ ಬರುತ್ತದೆ ಎಂಬುದೇ ಗೊತ್ತಿರಲಿಲ್ಲ. ಈಗ ಗೊತ್ತು. ಮೊದಲ ವಾರ ಮನೆಯಲ್ಲಿ ಕೆಟ್ಟದ್ದನ್ನೆಲ್ಲ ರಿಪೇರಿ ಮಾಡಿದೆ. ಎರಡನೆಯ ವಾರ ಕೆಡದೇ ಇದ್ದದ್ದನ್ನೂ ರಿಪೇರಿ ಮಾಡಿ ಕೆಡಿಸಿದೆ. ನಮ್ಮಾಕೆ ಅಂಗನವಾಡಿಗೆ, ಮಗಳು ಪ್ರಿಯಾಂಕಾ ಸಾಲಿಗೆ ಹೋದ ಮೇಲೆ ಮನೆಯಲ್ಲಿ ಉಳಿಯುವವರು ನಾನು ಮತ್ತು ಅಪ್ಪ.

ನನ್ನ ಕೆಲಸ ಏನಿತ್ತು ಅಂತ ನಿನಗೆ ಗೊತ್ತಲ್ಲ. ಬೀಜಕ್ಕೆಂದು ಬೆಳೆದ ಹೊಲದಲ್ಲಿ ಸಾಲುಸಾಲು ನಡೆದು ಬೆರಕೆ ಗಿಡ ಹುಡುಕಿ ಕೀಳುವುದು. ಎಲೆ ಒಂಚೂರು ಅಗಲ ಇದ್ದರೂ, ಕಾಂಡ ಒಂಚೂರು ಕೆಂಪಗಿದ್ದರೂ ನನ್ನ ಕಣ್ಣು ಅಲ್ಲಿ ನಿಂತುಬಿಡುತ್ತದೆ. ಸಂಶಯ ಬಂದ ಗಿಡವನ್ನು ಹೂ ಬಿಡುವ ಮುಂಚೆಯೇ ಕಿತ್ತು ಹಾಕಬೇಕು, ಕಾದರೆ ಇಡೀ ಹೊಲ ಕೆಡುತ್ತದೆ. ಇದು ನಮಗೆ ಕಲಿಸಿದ ಮೊದಲ ಪಾಠ. ಈಗ ಹೊಲ ಇಲ್ಲ, ಕಣ್ಣು ಮಾತ್ರ ಇದೆ.

ಆ ಕಣ್ಣಿಗೆ ಬಿದ್ದದ್ದು ಇದು. ಅಪ್ಪ ಮಂಗಳವಾರ ಮತ್ತು ಶುಕ್ರವಾರ ಹನ್ನೊಂದಕ್ಕೇ ಊಟ ಮುಗಿಸುತ್ತಾನೆ. ಒಗೆದ ಧೋತರ ಉಡುತ್ತಾನೆ. ಖಾಕಿ ಕೈಚೀಲ ಹೆಗಲಿಗೇರಿಸಿ ಹೊರಟರೆ ಬರುವುದು ಸಂಜೆ ಆರಕ್ಕೆ. "ಎಲ್ಲಿ ಹೊಂಟಿ ಅಪ್ಪಾ?" ಎಂದು ಕೇಳಿದೆ. "ಇಲ್ಲೇ, ಒಂಚೂರು ಅಡ್ಡಾಡಿ ಬರ್ತೇನಿ" ಎಂದ. ಅಡ್ಡಾಡುವುದಕ್ಕೆ ಒಗೆದ ಧೋತರ ಯಾಕೆ ಬೇಕು? ಮೊನ್ನೆ ಅವನ ಅಂಗಿಯ ಜೇಬಿನಲ್ಲಿ ಬಸ್ಸಿನ ಟಿಕೀಟು ಸಿಕ್ಕಿತು. ಸಿಕ್ಕಿತು ಎನ್ನುವುದು ಸುಳ್ಳು, ಹುಡುಕಿದೆ. ಬ್ಯಾಡಗಿಯದು. ನಮ್ಮಾಕೆಯನ್ನು ಕೇಳಿದರೆ, "ಮಾವನವರು ಭಾಳ ವರ್ಷದಿಂದ ಹಂಗ ಹೋಗ್ತಾರಲ್ರಿ. ನೀವು ಈಗ ನೋಡಾಕತ್ತೀರಿ" ಎಂದಳು.

ನಿನ್ನ ಮನೆಗೆ ಬರುತ್ತಾನೆ ಎಂದಾದರೆ ಈ ಪತ್ರ ಹರಿದು ಒಲೆಗೆ ಹಾಕು, ನನ್ನನ್ನು ನೋಡಿ ನಗು. ಬರುತ್ತಿಲ್ಲ ಎಂದಾದರೆ ತಿಳಿಸು.

ನಿನ್ನ ತಮ್ಮ,
ಕಿರಣ


ಬ್ಯಾಡಗಿ
೧೯-೧-೨೦೦೪

ಕಿರಣಾ,

ನಿನ್ನ ಪತ್ರ ಓದಿ ಮೊದಲು ಸಿಟ್ಟು ಬಂತು. ಎಪ್ಪತ್ತರ ಹತ್ತಿರದ ಮನುಷ್ಯನ ಜೇಬು ತಡಕಾಡುವುದು ಎಂಥ ಉದ್ಯೋಗವೋ? ಹೊತ್ತು ಹೋಗದಿದ್ದರೆ ಮಗಳಿಗೆ ಮಗ್ಗಿ ಹೇಳಿಕೊಡು. ಹಿತ್ತಿಲಲ್ಲಿ ನಾಲ್ಕು ಬದನೆ ಗಿಡ ಹಚ್ಚು, ಬೇಕಾದಷ್ಟು ಕೀಳಬಹುದು.

ಹೀಗೆ ಬರೆದು ಪತ್ರ ಮುಚ್ಚಬೇಕೆಂದಿದ್ದೆ. ಆಗಲಿಲ್ಲ. ಅಪ್ಪ ನಮ್ಮ ಮನೆಗೆ ಬಂದು ಹೋದದ್ದು ದೀಪಾವಳಿಗೆ. ಅದಕ್ಕೂ ಹಿಂದೆ ನಾಗರ ಪಂಚಮಿಗೆ. ಬಂದಾಗಲೆಲ್ಲ ಅವಸರ ಮಾಡುತ್ತಾನೆ. ಒಂದು ಕಪ್ಪು ಚಹಾ ಕುಡಿದು, "ಬಸ್ಸಿನ ಹೊತ್ತಾತವ್ವ" ಎಂದು ಎದ್ದುಬಿಡುತ್ತಾನೆ. ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ಬಸ್ಸಿಗೇನು ಬರಗಾಲವೇ? ವಾರಕ್ಕೆ ಎರಡು ಸಲ ಈ ಊರಿಗೆ ಬಂದು ಮಗಳ ಮನೆಯ ಬಾಗಿಲು ತುಳಿಯದೆ ಹೋಗುತ್ತಾನೆ ಎಂದರೆ ಏನು ತಿಳಿಯಲಿ? ಅವ್ವ ಹೋದ ಮೇಲೆ ನನಗೆ ತವರು ಎಂದರೆ ಅವನೊಬ್ಬನೇ.

ಟಿಕೀಟು ಅಪ್ಪನದೇ ಅಂತ ಖಾತ್ರಿ ಮಾಡಿಕೊ. ಇದನ್ನು ಇಲ್ಲಿ ಯಾರಿಗೂ ಹೇಳಿಲ್ಲ, ನಮ್ಮತ್ತೆಯ ಬಾಯಿ ನಿನಗೆ ಗೊತ್ತಿದೆ.

ನಾಗರತ್ನಾ


ರಾಣೆಬೆನ್ನೂರು
೨೮-೧-೨೦೦೪

ಅಕ್ಕ,

ಟಿಕೀಟು ಅಪ್ಪನದೇ. ಇನ್ನೂ ನಾಲ್ಕು ಸಿಕ್ಕಿವೆ. ಪಂಚಾಂಗದ ಹಾಳೆಗಳ ನಡುವೆ ಒಪ್ಪವಾಗಿ ಇಟ್ಟಿದ್ದ. ಒಂದು ಪುಟ್ಟ ವಹಿ ಮಾಡಿಕೊಂಡು ಕಂಡದ್ದನ್ನೆಲ್ಲ ಬರೆದಿಡುತ್ತಿದ್ದೇನೆ. ಹೊಲದಲ್ಲಿ ಹಾಗೆಯೇ ಮಾಡುತ್ತಿದ್ದೆ, ಸಾಲಿನ ನಂಬರು, ಗಿಡದ ನಂಬರು, ಏನು ಬೇರೆ ಕಂಡಿತು ಎಂದು.

ಒಂದನೆಯದು, ಬಂದ ಕೂಡಲೇ ಮನೆಯೊಳಗೆ ಕಾಲಿಡುವುದಿಲ್ಲ. ಹಿತ್ತಿಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿ ತಿಕ್ಕಿ ತೊಳೆಯುತ್ತಾನೆ, ಮೊಣಕೈವರೆಗೆ. ಯಾವ ವಾಸನೆ ತೊಳೆದುಕೊಳ್ಳುತ್ತಾನೆ? ಎರಡನೆಯದು, ಆ ದಿನಗಳಲ್ಲಿ ಪ್ರಿಯಾಂಕಾ ಓಡಿ ಬಂದರೂ ಮುಟ್ಟುವುದಿಲ್ಲ. "ಈಗ ಬ್ಯಾಡ ಕೂಸ, ಜಳಕಾ ಮಾಡ್ತೇನಿ, ತಡಿ" ಎನ್ನುತ್ತಾನೆ. ಯಾರನ್ನು ಮುಟ್ಟಿ ಬಂದಿದ್ದಾನೆ ಅಂತ ಜಳಕ? ಮೂರನೆಯದು, ಆ ಖಾಕಿ ಕೈಚೀಲದಲ್ಲಿ ಒಂದು ಪೆನ್ನು, ಹತ್ತು ಹನ್ನೆರಡು ಖಾಲಿ ಇನ್‌ಲ್ಯಾಂಡ್ ಪತ್ರ, ಕೆಲವು ಕಾರ್ಡು ಇವೆ. ನಮ್ಮನ್ನು ಬಿಟ್ಟರೆ ಅಪ್ಪ ಪತ್ರ ಬರೆಯುವಂಥವರು ಯಾರಿದ್ದಾರೆ?

ನಾಲ್ಕನೆಯದನ್ನು ಬರೆಯಲು ಕೈ ಹಿಂಜರಿಯುತ್ತದೆ. ನಿನ್ನ ಪತ್ರವನ್ನು ನನ್ನ ಮೇಜಿನ ಮೇಲೆ ಇಟ್ಟವನು ಅಪ್ಪ. ಈಗಿನ ಪೋಸ್ಟ್‌ಮನ್ ದಾದಾಸಾಬ ಅಪ್ಪನ ಕೈಕೆಳಗೆ ಕೆಲಸ ಕಲಿತವನು. ನಮ್ಮ ಮನೆಯ ಪತ್ರವನ್ನು ಅಪ್ಪನ ಕೈಯಲ್ಲೇ ಕೊಟ್ಟು, "ಆರಾಮ ಅದೀರೇನ್ರಿ ಪರಮೇಶಪ್ಪಾರ" ಎಂದು ಎರಡು ಮಾತಾಡಿ ಹೋಗುತ್ತಾನೆ. ನಿನ್ನ ಪತ್ರದ ಅಂಟು ಒಂದು ಕಡೆ ಸ್ವಲ್ಪ ಎದ್ದಂತಿತ್ತು. ಮೂವತ್ತೊಂದು ವರ್ಷ ಪತ್ರ ಹಂಚಿದವನಿಗೆ ಉಗಿ ಹಿಡಿದು ಪತ್ರ ಬಿಚ್ಚಿ ಮತ್ತೆ ಅಂಟಿಸಲು ಬಾರದೇ? ಇನ್ನು ಮೇಲೆ ಒಂದು ಕೆಲಸ ಮಾಡು. ಪತ್ರ ಅಂಟಿಸಿದ ಮೇಲೆ ಅಂಟಿನ ಮೇಲೆ ಅಡ್ಡಲಾಗಿ ನೀಲಿ ಪೆನ್ನಿನಿಂದ ಒಂದು ಗೆರೆ ಎಳೆ. ಬಿಚ್ಚಿ ಅಂಟಿಸಿದರೆ ಗೆರೆ ಕೂಡುವುದಿಲ್ಲ. ಆಫೀಸು ಇದ್ದಿದ್ದರೆ ಅಲ್ಲಿಗೆ ಬರೆಯಿಸುತ್ತಿದ್ದೆ. ನನಗೀಗ ಮನೆಯೊಂದೇ ವಿಳಾಸ.

ಶನಿವಾರ ಹಾವೇರಿಗೆ ಹೋಗಿದ್ದೆ. ಹೊಸ ಕಂಪನಿಯವರು ಒಂದು ತಾಸು ಕೂಡಿಸಿ, ಹತ್ತು ನಿಮಿಷ ಮಾತಾಡಿ, "ತಿಳಿಸ್ತೇವ್ರಿ" ಎಂದರು. ಅವರು ತಿಳಿಸುವವರೆಗೆ ನನಗೆ ಇದೇ ನೌಕರಿ.

ಕಿರಣ


ಬ್ಯಾಡಗಿ
೫-೨-೨೦೦೪

ಕಿರಣಾ,

ಗೆರೆ ಎಳೆದಿದ್ದೇನೆ, ನೋಡಿಕೊ. ಎಳೆಯುವಾಗ ನಾಚಿಕೆಯಾಯಿತು. ಅಪ್ಪನ ಮೇಲೆ ಕಾವಲು ಹಾಕುವ ಹೆಣ್ಣುಮಗಳಾದೆನಲ್ಲ ಎನಿಸಿತು.

ಆದರೆ ಕೇಳು. ಬಳೆ ಮಾರುವ ಹಸೀನಾಬಿ ಸೋಮವಾರ ಬಂದಿದ್ದಳು. ಕೈಗೆ ಬಳೆ ಏರಿಸುತ್ತಾ ತಾನಾಗಿಯೇ ಅಂದಳು: "ನಿಮ್ಮಪ್ಪಾರು ಭಾಳ ಚಲೋ ಮನಷ್ಯಾ ಬಿಡ್ರಿ. ಶುಕ್ರವಾರಕ್ಕ ಭರಮವ್ವ ದಾರಿ ನೋಡತಿರ್ತಾಳ." ಅತ್ತೆ ಪಕ್ಕದಲ್ಲೇ ಕೂತಿದ್ದರು. ಯಾವ ಭರಮವ್ವ, ಎಲ್ಲಿಯವಳು ಎಂದು ಕೇಳುವಂತಿಲ್ಲ. ಮಾತು ಮರೆಸಿ ಹಸಿರು ಬಳೆ ಸಾಕು ಎಂದೆ. ಕೋಲ್ಡ್ ಸ್ಟೋರೇಜಿನ ಹಿಂದಿನ ಓಣಿಯಲ್ಲಿ ಆ ಹೆಸರಿನ ಹೆಂಗಸೊಬ್ಬಳು ಇದ್ದಾಳೆ ಎಂಬುದಷ್ಟೇ ಆಮೇಲೆ ತಿಳಿಯಿತು. ಗಂಡ ಇಲ್ಲ.

ಅವತ್ತಿನಿಂದ ಒಂದೇ ವಿಚಾರ ತಲೆ ತಿನ್ನುತ್ತಿದೆ. ಇದು ಯಾವಾಗಿನಿಂದ? ಅವ್ವ ಇದ್ದಾಗಲೂ ಇತ್ತೇ? ಅವ್ವ ಕೊನೆಯ ಎರಡು ವರ್ಷ ಹಾಸಿಗೆ ಹಿಡಿದಿದ್ದಳು. ಅಪ್ಪ ಅವಳ ತಲೆ ಬಾಚುತ್ತಿದ್ದ, ಹೆಳಲು ಹಾಕಲು ಬಾರದೆ ಗಂಟು ಕಟ್ಟುತ್ತಿದ್ದ. ಅದನ್ನು ನೋಡಿ, ಇಂಥ ಗಂಡ ಯಾರಿಗೆ ಸಿಗುತ್ತಾನೆ ಎಂದು ನಾನು ಎಷ್ಟು ಮಂದಿಯ ಮುಂದೆ ಹೇಳಿಕೊಂಡಿದ್ದೇನೆ. ಅದೂ ಸುಳ್ಳಾದರೆ ನನಗೆ ಅವ್ವನ ಮಗಳು ಎಂದು ಹೇಳಿಕೊಳ್ಳುವ ಬಾಯಿ ಉಳಿಯುವುದಿಲ್ಲ. ಇವರು ಇದೇ ಪೇಟೆಯಲ್ಲಿ ನಾಲ್ಕು ಜನರ ನಡುವೆ ಕೂಡುವವರು ಬೇರೆ.

ನಿನಗೆ ಹೊತ್ತಿದೆ. ಅವನ ಹಿಂದೆ ಬಂದು ನೋಡು.

ನಾಗರತ್ನಾ


ರಾಣೆಬೆನ್ನೂರು
೧೪-೨-೨೦೦೪, ಶನಿವಾರ

ಅಕ್ಕ,

ಗೆರೆ ಕೂಡಿತ್ತು, ಎಳೆಯಷ್ಟೂ ಸರಿದಿರಲಿಲ್ಲ. ಬಿಚ್ಚಲಿಲ್ಲವೋ, ಅಷ್ಟು ನಾಜೂಕಾಗಿ ಬಿಚ್ಚಿದನೋ ನನಗೆ ತಿಳಿಯದು.

ನಿನ್ನೆ ಹೋದೆ. ಅಪ್ಪ ಹತ್ತಿದ ಬಸ್ಸಿನ ಹಿಂದಿನ ಬಸ್ಸು ಹಿಡಿದೆ. ಬ್ಯಾಡಗಿಯಲ್ಲಿ ಇಳಿದದ್ದೇ ಕೆಮ್ಮು ಶುರುವಾಯಿತು. ನೀವೆಲ್ಲ ಆ ಮೆಣಸಿನಕಾಯಿ ಘಾಟಿನಲ್ಲಿ ಹೇಗೆ ಬದುಕುತ್ತೀರೋ! ಕೋಲ್ಡ್ ಸ್ಟೋರೇಜಿನ ಹಿಂದಿನ ಓಣಿಯಲ್ಲಿ ಒಂದು ತಗಡಿನ ಶೆಡ್ಡಿದೆ. ಅದರ ಬಾಗಿಲಲ್ಲಿ ಅಪ್ಪನ ಚಪ್ಪಲಿ ಕಂಡಿತು, ಎಡಗಾಲಿನದಕ್ಕೆ ನಾನೇ ಹೊಲಿಗೆ ಹಾಕಿದ್ದೆ. ಬಾಗಿಲು ಅರ್ಧ ಮುಚ್ಚಿತ್ತು. ಸಂದಿಯಲ್ಲಿ ಇಣುಕಿದೆ.

ಹೊರಗಿನ ಬಿಸಿಲಿನಿಂದ ಒಳಗೆ ಸರಿಯಾಗಿ ಕಾಣುತ್ತಿರಲಿಲ್ಲ. ಕಂಡದ್ದಿಷ್ಟು. ಅಪ್ಪ ಗೋಡೆಗೆ ಒರಗಿ ಕೂತಿದ್ದಾನೆ. ಐವತ್ತರ ಒಬ್ಬ ಹೆಂಗಸು ಅವನ ಮಗ್ಗುಲಲ್ಲಿ ಕೂತು, ಅವನ ಕಿವಿಯ ಹತ್ತಿರ ಬಾಗಿ ಏನೋ ಹೇಳುತ್ತಿದ್ದಾಳೆ. ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಾಳೆ. ಅಪ್ಪ ತಲೆ ಬಗ್ಗಿಸಿ ಹೂಂಗುಟ್ಟುತ್ತಿದ್ದಾನೆ. ಒಳಗೆ ಇನ್ನೂ ಹೆಂಗಸರಿದ್ದರು, ಯಾರೋ ನಕ್ಕರು. ಆಕೆ ಬಾಗಿಲ ಕಡೆ ತಿರುಗಿದಳು. ನಾನು ಅಲ್ಲಿಂದ ಕಾಲು ಕಿತ್ತೆ. ಸಿಕ್ಕ ಮೊದಲ ಬಸ್ಸಿಗೆ ವಾಪಸು ಬಂದೆ. ಸಂಜೆ ಅಪ್ಪ ಎಂದಿನಂತೆ ಹಿತ್ತಿಲಲ್ಲಿ ಕೈ ತೊಳೆದ. ನನ್ನ ಮುಖ ನೋಡಿ, "ಯಾಕ, ಆರಾಮ ಇಲ್ಲೇನು?" ಎಂದ. ಎಷ್ಟು ಧೈರ್ಯ ನೋಡು.

ಇನ್ನೇನು ನೋಡಬೇಕು ಅಕ್ಕ? ನಾನು ಒಳಗೆ ಹೋಗಿ ಕೇಳಬೇಕಿತ್ತು, ಓಡಿ ಬಂದೆ. ನೀನು ಆ ಊರಿನವಳು. ಭಾವನಿಗೆ ಹೇಳುತ್ತೀಯೋ, ನೀನೇ ಹೋಗುತ್ತೀಯೋ, ಇದನ್ನು ಬೇಗ ಮುಗಿಸು.

ಕಿರಣ


ಬ್ಯಾಡಗಿ
೨೫-೨-೨೦೦೪

ಕಿರಣಾ,

ಮುಗಿಯಿತು.

ಇವರಿಗೆ ಹೇಳಿದೆ. ನಿನ್ನೆ ಮಂಗಳವಾರ ಪೇಟೆಯ ಇಬ್ಬರನ್ನು ಕರೆದುಕೊಂಡು ಹೋಗಿದ್ದಾರೆ. ಅಲ್ಲಿ ಏನಿತ್ತು ಗೊತ್ತೇನು? ಹದಿನೈದು ಇಪ್ಪತ್ತು ಹೆಂಗಸರು ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರಂತೆ. ಅವರ ನಡುವೆ ಅಪ್ಪ. ಅವನ ಮುಂದೆಯೂ ಒಂದು ಬುಟ್ಟಿ. ಅವನೂ ತೊಟ್ಟು ಬಿಡಿಸುತ್ತಿದ್ದನಂತೆ! ಇವರು ಎಲ್ಲರ ಮುಂದೆ ಒದರಿದ್ದಾರೆ. "ಮಾವನವರ, ನಮ್ಮ ಮರ್ಯಾದಿ ಏನಾತ್ರಿ? ದಲಾಲ ಯಲ್ಲೇಶನ ಮಾವ ಕೂಲಿ ಹೆಣಮಕ್ಕಳ ನಡಕ ಕುಂತು ಕಾಯಿ ಬಿಡಸ್ತಾನ ಅಂತ ನಾಳೆ ಪ್ಯಾಟ್ಯಾಗ ಮಂದಿ ಆಡ್ಕೊಂಡು ನಗಬೇಕೇನು?" ಭರಮವ್ವನಿಗೂ ಬಾಯಿಗೆ ಬಂದದ್ದು ಅಂದಿದ್ದಾರೆ. ಅದನ್ನು ಬರೆಯಲಾರೆ.

ಅಪ್ಪ ಕೈಯಲ್ಲಿದ್ದ ಕಾಯಿ ಬುಟ್ಟಿಗೆ ಹಾಕಿದನಂತೆ. ಧೋತರ ಝಾಡಿಸಿಕೊಂಡು ಎದ್ದು, ಚೀಲ ತೆಗೆದುಕೊಂಡು ಹೊರಟನಂತೆ.

ಅವನು ನಮ್ಮ ಮನೆಯ ಮುಂದೆಯೇ ಹಾದುಹೋದ, ಕಿರಣ. ನಾನು ಕಿಟಕಿಯಲ್ಲಿದ್ದೆ. "ಅಪ್ಪಾ" ಎಂದು ಕರೆಯಬೇಕೆಂದು ಸರಳು ಹಿಡಿದುಕೊಂಡೆ, ಕರೆಯಲಿಲ್ಲ. ಅವನು ತಲೆ ಎತ್ತಲಿಲ್ಲ. ಎರಡೂ ಕೈಗಳನ್ನು ಮೈಗೆ ತಾಗದಂತೆ ದೂರ ಹಿಡಿದುಕೊಂಡು ನಡೆಯುತ್ತಿದ್ದ.

ಇದು ನಾವು ಅಂದುಕೊಂಡ ಸಂಗತಿಯಲ್ಲ ಎಂದು ನನಗೆ ಅನಿಸುತ್ತಿದೆ. ಹಾಗಾದರೆ ಏನು? ಮನೆಯಲ್ಲಿ ಉಣ್ಣಲು ಉಡಲು ಇದ್ದು, ಪಿಂಚಣಿ ಬರುವ ಮನುಷ್ಯ ಅಲ್ಲಿ ಯಾಕೆ ಕೂಡಬೇಕು? ಮಗಳ ಮನೆ ಎರಡು ಓಣಿ ಆಚೆ ಇರುವಾಗ? ಅವನನ್ನು ಕೇಳು. ಕೇಳಿ ಬರೆ.

ನಾಗರತ್ನಾ


ರಾಣೆಬೆನ್ನೂರು
೮-೩-೨೦೦೪

ಚಿರಂಜೀವಿ ಕಿರಣಕುಮಾರನಿಗೆ ನಿನ್ನ ತಂದೆ ಪರಮೇಶಪ್ಪನ ಆಶೀರ್ವಾದ.

ಒಂದೇ ಮನೆಯಲ್ಲಿದ್ದು ಪೋಸ್ಟಿನಲ್ಲಿ ಪತ್ರ ಹಾಕಿದ್ದಕ್ಕೆ ನಗಬೇಡ. ಎರಡು ವಾರದಿಂದ ಪಡಸಾಲೆಯಲ್ಲಿ ಎದುರುಬದುರು ಕೂತಿದ್ದೇವೆ. ನೀನು ಬಾಯಿ ತೆರೆಯುತ್ತೀ, ಮುಚ್ಚುತ್ತೀ. ನಿನಗೆ ಕೇಳಲಾಗುತ್ತಿಲ್ಲ, ನನಗೆ ಹೇಳಲಾಗುತ್ತಿಲ್ಲ. ಕಾಗದದ ಮೇಲೆ ನನಗೆ ಸ್ವಲ್ಪ ಧೈರ್ಯ ಬರುತ್ತದೆ.

ನೌಕರಿ ಇಲ್ಲದ ಹೊತ್ತು ಎಷ್ಟು ಉದ್ದ ಎಂದು ನಿನಗೀಗ ತಿಳಿದಿದೆ. ನಿನ್ನದು ಯುಗಾದಿಗೆ ಮುಗಿಯುತ್ತದೆ, ನನ್ನದಕ್ಕೆ ಯಾವ ಹಬ್ಬವೂ ಇರಲಿಲ್ಲ. ಮೂವತ್ತೊಂದು ವರ್ಷ ನಾನು ಹೋದ ಬಾಗಿಲೆಲ್ಲ ತೆರೆಯುತ್ತಿದ್ದವು, ಯಾಕೆಂದರೆ ನನ್ನ ಕೈಯಲ್ಲಿ ಏನಾದರೂ ಇರುತ್ತಿತ್ತು. ನಿವೃತ್ತಿಯಾದ ಮರುದಿನ ಬರಿಗೈಯಲ್ಲಿ ಯಾರ ಮನೆಗೆ ಹೋಗಲಿ? ನಿಮ್ಮವ್ವ ಇರುವವರೆಗೆ ಅವಳ ಸೇವೆಯೇ ಕೆಲಸವಾಗಿತ್ತು. ಅವಳು ಹೋದ ಮೇಲೆ ನಿನ್ನ ಅಕ್ಕನ ಮನೆಗೆ ವಾರಕ್ಕೆ ಎರಡು ಸಲ ಹೋಗತೊಡಗಿದೆ. ಒಂದು ದಿನ ಒಳಗಿನಿಂದ ಅವಳ ಅತ್ತೆಯ ದನಿ ಕೇಳಿತು, "ಮತ್ತ ಬಂದ್ರೇನು ನಿಮ್ಮಪ್ಪಾರು?" ನಾನು ಕದ ಬಡಿಯಲಿಲ್ಲ. ಇದನ್ನು ಅಕ್ಕನಿಗೆ ಬರೆಯಬೇಡ. ಅವಳು ಆ ಮನೆಯಲ್ಲಿ ಬಾಳಬೇಕು.

ಅವತ್ತು ಅಷ್ಟು ಬೇಗ ವಾಪಸು ಬರಲು ಮನಸ್ಸಾಗಲಿಲ್ಲ. ಆ ಶೆಡ್ಡಿನ ನೆರಳಲ್ಲಿ ಕೂತೆ. ಭರಮವ್ವ ಹೊರಗೆ ಬಂದು, "ಯಜಮಾನರ, ನಿಮಗ ಓದಾಕ ಬರ್ತೈತೇನ್ರಿ?" ಎಂದು ಸೆರಗಿನ ಗಂಟಿನಿಂದ ಒಂದು ಪತ್ರ ತೆಗೆದಳು. ಗೋವಾದಲ್ಲಿ ದುಡಿಯುವ ಅವಳ ಮಗ ಲಕ್ಕಪ್ಪ ಬರೆಯಿಸಿದ್ದು, ಬಂದು ಹನ್ನೊಂದು ದಿನವಾಗಿತ್ತು. ಓದಿ ಹೇಳಿದೆ. ಉತ್ತರ ಬರೆದುಕೊಟ್ಟೆ. ಮುಂದಿನ ವಾರ ಇನ್ನಿಬ್ಬರು ಬಂದರು. ಸೋಮವಾರ, ಗುರುವಾರದ ಮೆಣಸಿನಕಾಯಿ ಪೇಟೆಯ ಮರುದಿನ ಅವರಿಗೆ ಕೆಲಸ ಇರುತ್ತದೆ, ಎಲ್ಲರೂ ಅಲ್ಲೇ ಸಿಗುತ್ತಾರೆ. ಅದಕ್ಕೇ ಮಂಗಳವಾರ, ಶುಕ್ರವಾರ. ಅಲ್ಲಿ ತೂಕದ ಮೇಲೆ ಕೂಲಿ. ಒಬ್ಬಾಕೆ ನನ್ನ ಹತ್ತಿರ ಕೂತು ಪತ್ರ ಹೇಳಿ ಬರೆಸುವಷ್ಟು ಹೊತ್ತು ಅವಳ ಬುಟ್ಟಿ ಹಿಂದೆ ಬೀಳುತ್ತದಲ್ಲ? ಅದಕ್ಕೆ ಬರೆದು ಮುಗಿದ ಮೇಲೆ ಅಷ್ಟು ಕಾಯಿಯನ್ನು ನಾನು ಬಿಡಿಸಿ ಅವಳ ಬುಟ್ಟಿಗೆ ಹಾಕುತ್ತಿದ್ದೆ. ಕೈ ಉರಿಯುತ್ತಿತ್ತು, ಕೂಸನ್ನು ಹೇಗೆ ಮುಟ್ಟಲಿ? ಐದು ವರ್ಷ ನಡೆಯಿತು. ನಿನಗೆ ಹೇಳದೆ ಇದ್ದದ್ದು ಅಳಿಯ ಯಲ್ಲೇಶನ ಮರ್ಯಾದೆಗಾಗಿ. ಮತ್ತೊಂದು, ಬೇರೆಯವರ ಪತ್ರದ ಮಾತು ನನ್ನ ಹೊಟ್ಟೆಯಲ್ಲೇ ಇರಬೇಕು.

ಅಕ್ಕನ ಪತ್ರಗಳು ಬರತೊಡಗಿದಾಗ ಮಕ್ಕಳಿಬ್ಬರೂ ಬರೆದುಕೊಳ್ಳುತ್ತಿದ್ದಾರೆ ಎಂದು ಖುಷಿಪಟ್ಟಿದ್ದೆ. ಎರಡನೆಯ ಪತ್ರದ ಅಂಟಿನ ಮೇಲೆ ಗೆರೆ ಕಂಡಿತು. ಮೂವತ್ತೊಂದು ವರ್ಷದಲ್ಲಿ ಅಂಥ ಗೆರೆ ಎಳೆದ ಪತ್ರಗಳನ್ನು ಕೆಲವು ಮನೆಗಳಿಗೆ ಕೊಟ್ಟಿದ್ದೇನೆ. ಮನೆಯೊಳಗಿನವರನ್ನು ನಂಬದವರು ಹಾಗೆ ಎಳೆಯುತ್ತಾರೆ. ನಮ್ಮ ಮನೆಗೂ ಬಂತಲ್ಲ ಎಂದುಕೊಂಡು ನಿನ್ನ ಮೇಜಿನ ಮೇಲೆ ಇಟ್ಟೆ. ಬಹಳ ನೋವಾಯಿತು. ಆದರೂ ಬೇರೆಯವರ ಪತ್ರ ನಾನು ಬಿಚ್ಚಲಾರೆ, ಅದರಲ್ಲಿ ನನ್ನ ಹೆಸರೇ ಇದ್ದರೂ.

ಒಂದು ಕೆಲಸ ಬಾಕಿ ಇದೆ. ಭರಮವ್ವನ ಪತ್ರ ಅವತ್ತು ಅರ್ಧಕ್ಕೇ ನಿಂತಿದೆ, ಚೀಲದಲ್ಲಿದೆ. ನಾನು ಇನ್ನು ಅಲ್ಲಿಗೆ ಹೋಗುವಂತಿಲ್ಲ. ನಿನ್ನ ಅಕ್ಷರ ಚೆನ್ನಾಗಿದೆ, ನಿನಗೆ ಹೊತ್ತಿದೆ. ಆಗುವುದಾದರೆ ಶುಕ್ರವಾರ ಹೋಗಿ ಮುಗಿಸಿಕೊಟ್ಟು ಬಾ. ಕೈಗೆ ಮೊದಲೇ ಎಣ್ಣೆ ಹಚ್ಚಿಕೊ.

ನಿನ್ನ ತಂದೆ,
ಪರಮೇಶಪ್ಪ


ರಾಣೆಬೆನ್ನೂರು
೧೪-೩-೨೦೦೪, ಭಾನುವಾರ

ಅಕ್ಕ,

ಈ ಪತ್ರದ ಅಂಟಿನ ಮೇಲೆ ಗೆರೆ ಇಲ್ಲ. ನೀನೂ ಇನ್ನು ಎಳೆಯಬೇಡ.

ಅಪ್ಪ ನನಗೆ ಪತ್ರ ಬರೆದ. ದಾದಾಸಾಬ ಅದನ್ನು ನನ್ನ ಕೈಗೆ ಕೊಟ್ಟು, ಬಾಗಿಲಲ್ಲಿ ನಿಂತಿದ್ದ ಅಪ್ಪನ ಮುಖವನ್ನೂ ಪತ್ರದ ಮೇಲಿನ ಅಕ್ಷರವನ್ನೂ ಮತ್ತೆ ಮತ್ತೆ ನೋಡಿ ಸೈಕಲ್ ಹತ್ತಿದ. ಅಪ್ಪ ಆ ಹೆಂಗಸರಿಗೆ ಪತ್ರ ಓದಿ ಹೇಳುತ್ತಿದ್ದ, ಬರೆದುಕೊಡುತ್ತಿದ್ದ. ಅವರ ಹೊತ್ತು ತಿಂದದ್ದಕ್ಕೆ ಬದಲಾಗಿ ಕಾಯಿ ಬಿಡಿಸುತ್ತಿದ್ದ. ಇಷ್ಟೇ. ಅವ್ವ ಹೋದ ಮೇಲೆ ಶುರುವಾದದ್ದು. ನೀನು ಹೆಳಲಿನ ಗಂಟು ನೋಡಿ ಮಂದಿಯ ಮುಂದೆ ಏನು ಹೇಳಿದ್ದೆಯೋ ಅದು ಖರೇ ಇದೆ, ಈಗಲೂ ಹೇಳಬಹುದು. ನಿನ್ನ ಮನೆಗೆ ಯಾಕೆ ಬರುತ್ತಿರಲಿಲ್ಲ ಎಂದು ಕೇಳಿದ್ದೀ. ಗೊತ್ತು. ಹೇಳುವುದಿಲ್ಲ. ಅಷ್ಟು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದನ್ನು ಅಪ್ಪನಿಂದ ಕಲಿಯುತ್ತಿದ್ದೇನೆ.

ಮೊನ್ನೆ ಶುಕ್ರವಾರ ಆ ಶೆಡ್ಡಿಗೆ ಹೋದೆ. ನಾನು ಒಳಗೆ ಕಾಲಿಟ್ಟದ್ದೇ ಬುಟ್ಟಿಯ ಮೇಲಿನ ಕೈಗಳೆಲ್ಲ ನಿಂತವು. ಇಪ್ಪತ್ತು ಜೊತೆ ಕಣ್ಣು ನನ್ನ ಮೇಲೆ. ಬೆರಕೆ ಗಿಡಕ್ಕೆ ಹೇಗನಿಸುತ್ತದೆ ಎಂದು ಅವತ್ತು ತಿಳಿಯಿತು. ಭರಮವ್ವ ತಲೆಯಿಂದ ಕಾಲಿನವರೆಗೆ ನೋಡಿ, "ಅವತ್ತ ಬಾಗಲ ಸಂದ್ಯಾಗ ಬಿಳೇ ಅಂಗಿ ಕಂಡಿತ್ತು. ನೀನ ಏನು?" ಎಂದಳು. ಹೌದೆಂದೆ. "ಒಳಗ ಬಂದಿದ್ರ ನೀರು ಕೊಡತಿದ್ವಿ" ಎಂದಳು. ಅದಕ್ಕಿಂತ ಹೊಡೆದಿದ್ದರೆ ಚೆನ್ನಾಗಿತ್ತು. ಮಂಗಳವಾರ ನೀನೂ ಬಾಗಿಲವರೆಗೆ ಬಂದು ನಿಂತು ಹೋದೆಯಂತೆ. ನಾವಿಬ್ಬರೂ ಒಂದೇ ಹೊಟ್ಟೆಯವರು, ಸಂಶಯವಿಲ್ಲ.

ಅರ್ಧ ಬರೆದ ಪತ್ರ ತೆಗೆದು, ಮುಂದಿನದು ಹೇಳವ್ವ, ಬರೆಯುತ್ತೇನೆ ಎಂದೆ. ಒಪ್ಪಲಿಲ್ಲ. "ನೀ ಇದನ್ನ ಓದಿದಿ ಏನು?" ಎಂದು ಕೇಳಿದಳು. ಇಲ್ಲ ಎಂದೆ. ನಿಜವಾಗಿಯೂ ಓದಿರಲಿಲ್ಲ. ನಂಬಿದಳೋ ಇಲ್ಲವೋ, ಪತ್ರ ಕಸಿದು ಸೆರಗಿಗೆ ಕಟ್ಟಿಕೊಂಡಳು. "ಕುಂದ್ರು. ಮೊದಲ ಕಾಯಿ ಬಿಡಸು" ಎಂದಳು. ಮೂರು ತಾಸು ಬಿಡಿಸಿದೆ. ಎಣ್ಣೆ ಹಚ್ಚಿಕೊಳ್ಳಲು ಅಪ್ಪ ಹೇಳಿದ್ದ, ಧಿಮಾಕು ಮಾಡಿ ಬಿಟ್ಟಿದ್ದೆ. ಕಣ್ಣು ಮೂಗು ಎಲ್ಲ ಸುರಿಯುತ್ತಿದ್ದವು. ಅಳುತ್ತಿದ್ದೇನೆಂದು ಯಾರಿಗೂ ಗೊತ್ತಾಗಲಿಲ್ಲ, ಅದೊಂದು ಅನುಕೂಲ. ಕೊನೆಗೆ ಆಕೆ ಒಂದು ಕಾರ್ಡು ಬರೆ ಎಂದಳು. ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದು ಬ್ಯಾಡಗಿಯ ಡಬ್ಬಿಗೆ ಹಾಕಿ ಬಂದೆ. ಯಾರಿಗೆ, ಏನು ಎಂದು ನಿನಗೂ ಹೇಳುವಂತಿಲ್ಲ.

ಸಂಜೆ ಹಿತ್ತಿಲಿಗೆ ಹೋದರೆ ಒಗೆಯುವ ಕಲ್ಲಿನ ಮೇಲೆ ಎಣ್ಣೆಯ ಬಾಟಲಿ ಇತ್ತು. ಅಪ್ಪ ಮುಚ್ಚಳ ತೆಗೆದು ಇಟ್ಟಿದ್ದ.

ಹಾವೇರಿಯ ನೌಕರಿ ಪತ್ರ ಬಂದಿದೆ, ಏಪ್ರಿಲ್ ಒಂದಕ್ಕೆ ಹಾಜರಾಗಬೇಕು. ಇನ್ನು ಹದಿನೇಳು ದಿನ ಹೊತ್ತಿದೆ. ಅಷ್ಟರೊಳಗೆ ಭಾವನ ಅಂಗಡಿಗೆ ಬರುತ್ತೇನೆ. ಅವರು ಸಿಟ್ಟಾಗುವುದಿದ್ದರೆ ನನ್ನ ಮೇಲೆ ಆಗಲಿ, ಕಿತ್ತು ಹಾಕಲು ಹೇಳಿದವನು ನಾನು. ಅಪ್ಪನನ್ನು ಮತ್ತೆ ಅಲ್ಲಿ ಕೂರಿಸದೆ ಹಾವೇರಿಯ ಬಸ್ಸು ಹತ್ತಲಾರೆ. ನೀನು ನನ್ನ ಜೊತೆ ನಿಲ್ಲುತ್ತೀಯಾ?

ನಿನ್ನ ತಮ್ಮ,
ಕಿರಣ


ಬ್ಯಾಡಗಿ
೧೨-೩-೨೦೦೪

ಪರಮೇಶಪ್ಪಾರಿಗೆ ಭರಮವ್ವನ ಶರಣು.

ಮೂವತ್ತೊಂದು ವರ್ಷ ಊರ ಮಂದಿಗೆಲ್ಲ ಪತ್ರ ಕೊಟ್ಟೇನಿ, ನನ್ನ ಹೆಸರಿಗೆ ಯಾರೂ ಹಾಕಲಿಲ್ಲ ಅಂತ ಒಮ್ಮೆ ಅಂದಿದ್ರಿ. ಇದು ನಿಮ್ಮ ಹೆಸರಿಗೇ ಐತಿ ನೋಡ್ರಿ. ಕಾರ್ಡನ ಹಾಕ್ಸೇನಿ. ಅಂಟಿಲ್ಲ, ಮುಚ್ಚಿಲ್ಲ. ಬೇಕಾದಾವ್ರು ಓದ್ಲಿ.

ನಿಮ್ಮ ಅಳಿಯಾರು ಅಂದ ಮಾತು ನಾವು ಆವತ್ತ ಉಗುಳಿ ಬಿಟ್ಟೇವಿ. ನೀವೂ ಬಿಡ್ರಿ. ನಿಮ್ಮ ಮಗಳು ಬಂದಿದ್ಲು, ಬಾಗಲದಾಗ ನಿಂತು ನಿಮ್ಮ ಬುಟ್ಟಿ ನೋಡಿ ಅತ್ತು ಹ್ವಾದ್ಲು. ಹೆಣಮಗಳು ಕೆಟ್ಟಾಕಿ ಅಲ್ಲ.

ನಿಮ್ಮ ಮಗನ್ನ ಕಳಿಸಿದ್ರಿ. ಅಕ್ಷರ ಚಲೋ ಅದಾವಂತ, ಇರಲಿ. ಆದರ ಅವಗ ಕಾಯಿ ಬಿಡ್ಸಾಕ ಬರೂದಿಲ್ಲ. ಭಾಳ ಅವಸರ ಮಾಡ್ತಾನ. ತೊಟ್ಟಿನ ಜೋಡಿ ಕಾಯಿನೂ ಮುರೀತಾನ. ಇದನ್ನೂ ಬರಿ ಅಂತ ಅವಗ ಹೇಳೇನಿ, ಬರದಾನೋ ಇಲ್ಲೋ ನೀವ ನೋಡ್ಕೋರಿ.

ಲಕ್ಕಪ್ಪನ ಪತ್ರ ಅರ್ಧಾ ಆಗಿ ನನ್ನ ಸೆರಗಿನ್ಯಾಗ ಐತಿ. ಬ್ಯಾರೇದಾವ್ರ ಮುಂದ ನಾ ಬಾಯಿ ಬಿಡೂದಿಲ್ಲ. ನಿಮ್ಮ ಬುಟ್ಟಿ ಯಾರೂ ಮುಟ್ಟಿಲ್ಲ. ಮಂಗಳವಾರ ಬರ್ರಿ.

ಭರಮವ್ವನ ಹೆಬ್ಬಟ್ಟು
ಬರೆದವನು, ಹೇಳಿದ್ದನ್ನೆಲ್ಲ ಬಿಡದೆ: ಕಿರಣಕುಮಾರ